ವಾರ್ಸಾ ದಂಗೆಯ ಸಿನಿಮಾಗಳಲ್ಲಿ ಪೋಲಿಷ್ ಹೋರಾಟಗಾರರ ಕೈಯಲ್ಲಿ ಜರ್ಮನ್ ಗನ್ ಇರುತ್ತದಲ್ಲ, ಅದು ತಪ್ಪೇ?

ತಪ್ಪಲ್ಲ, ನಿಜಕ್ಕೂ ಹಾಗೇ ಇತ್ತು. ಪೋಲೆಂಡಿನ ರಾಜಧಾನಿ ವಾರ್ಸಾವನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ನರ ವಿರುದ್ಧ 1944ರ ಆಗಸ್ಟ್ 1ರಂದು ದಂಗೆಯೆದ್ದ ಗುಪ್ತ ಸೇನೆಯ ಬಳಿ ಆಯುಧಗಳು ತೀರಾ ಕಡಿಮೆ. ಎಷ್ಟೋ ಜನ ಬರಿಗೈಲೇ ಬಂದಿದ್ದರು. ಶತ್ರುವಿನಿಂದ ಕಿತ್ತುಕೊಂಡದ್ದೇ ಆಧಾರ.

ಗನ್ನಿಗಿಂತ ದೊಡ್ಡ ಚಿಂತೆ ಗುಂಡಿನದು. ಅದಕ್ಕೇ ಅವರು ಕದ್ದುಮುಚ್ಚಿ ತಯಾರಿಸಿದ ‘ಬ್ವಿಸ್ಕಾವಿತ್ಸಾ’ (ಪೋಲಿಷ್‌ನಲ್ಲಿ ಮಿಂಚು) ಎಂಬ ಸಬ್‌ಮಷಿನ್ ಗನ್ನನ್ನು ಜರ್ಮನ್ನರ ಎಂಪಿ-40 ಗನ್ ಬಳಸುವ 9 ಮಿ.ಮೀ. ಗುಂಡಿಗೇ ಹೊಂದಿಸಿದರು. ವಿಮಾನದಿಂದ ಇಳಿಸಿದ ಬ್ರಿಟನ್ನಿನ ಸ್ಟೆನ್ ಗನ್ನಿಗೂ ಅದೇ ಗುಂಡು. ಹಾಗಾಗಿ ಸತ್ತ ಜರ್ಮನ್ ಸೈನಿಕನ ಬಳಿ ಸಿಕ್ಕ ಆ ಗುಂಡು ಮೂರಕ್ಕೂ ಆಗುತ್ತಿತ್ತು.

ಬ್ವಿಸ್ಕಾವಿತ್ಸಾ ತೆರೆಯ ಮೇಲೆ ಕಂಡರೆ ಅದರ ಸ್ಕ್ರೂಗಳನ್ನು ಗಮನಿಸಿ. ವೆಲ್ಡಿಂಗ್ ಆದಷ್ಟು ತಪ್ಪಿಸಿ, ಬಿಡಿಭಾಗಗಳನ್ನು ಸಣ್ಣಪುಟ್ಟ ವರ್ಕ್‌ಶಾಪ್‌ಗಳಲ್ಲಿ ಮಾಡಿಸಿ, ಆಮೇಲೆ ಸ್ಕ್ರೂ ಬಿಗಿದು ಜೋಡಿಸುತ್ತಿದ್ದರು. ತಯಾರಾದದ್ದು ಸುಮಾರು 700 ಅಷ್ಟೇ. ಸಿನಿಮಾದಲ್ಲಿ ಕಂಡಕಂಡವರ ಕೈಯಲ್ಲೆಲ್ಲ ಅದೇ ಇದ್ದರೆ ಆಗ ಅನುಮಾನಪಡಬಹುದು!

ಅಂದಹಾಗೆ, ಈ ಸಿನಿಮಾಗಳಲ್ಲಿ ಕೆಲವು ಪೋಲಿಷ್ ಹೋರಾಟಗಾರರು ಜರ್ಮನ್ ಸಮವಸ್ತ್ರವನ್ನೇ ತೊಟ್ಟಿರುತ್ತಾರೆ. ಅದೂ ಶತ್ರುವಿನ ಉಗ್ರಾಣದಿಂದ ವಶಪಡಿಸಿಕೊಂಡದ್ದು. ನಮ್ಮವರು ಯಾರು ಎಂದು ತಿಳಿಯಲು ತೋಳಿಗೆ ಬಿಳಿ-ಕೆಂಪು ಪಟ್ಟಿ ಕಟ್ಟುತ್ತಿದ್ದರು.