ಕಾವೇರಿ ನೀರು ಬಂತು, ಇನ್ನು ಬೋರ್‌ವೆಲ್ ಮುಚ್ಚಬಹುದೇ?

ಪ್ರಶ್ನೆ: ಬೆಂಗಳೂರು ನಗರಕ್ಕೆ ನಂತರ ಸೇರಿಸಿದ 110 ಹಳ್ಳಿ ವ್ಯಾಪ್ತಿಯಲ್ಲಿ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಈಗ 5ನೇ ಹಂತದ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದೆ. ಸುಪ್ರೀಂ ಕೋರ್ಟೇ ನಗರಕ್ಕೆ ನೀರು ಹಂಚಿರುವಾಗ ಬೋರ್‌ವೆಲ್ ಖರ್ಚು ಯಾಕೆ ಎಂದು ಕೆಲವರು ಕೇಳುತ್ತಿದ್ದಾರೆ.

ಮುಚ್ಚಬೇಡಿ. ಕೋರ್ಟ್ ಕೊಟ್ಟಿದ್ದು ನದಿಯಲ್ಲಿನ ಪಾಲು, ನಿಮ್ಮ ಸಂಪಿಗೆ ಇಷ್ಟು ಲೀಟರ್ ಎಂಬ ಖಾತ್ರಿಯಲ್ಲ. 2018ರ ಫೆಬ್ರವರಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ ಬೆಂಗಳೂರಿನ ಕುಡಿಯುವ ನೀರಿನ ಪಾಲು 4.75. ಇದು ಕಡಿಮೆ ಎಂದು ಕಾಣುತ್ತದೆ. 5ನೇ ಹಂತದ ದಿನಕ್ಕೆ 775 ದಶಲಕ್ಷ ಲೀಟರನ್ನೇ ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 10 ಟಿಎಂಸಿ ಆಗುತ್ತದೆ. ಆದರೆ ಆ 4.75 ಎಂಬುದು ನದಿಯಿಂದ ಎತ್ತುವ ನೀರಲ್ಲ, ಬಳಸಿ ಮುಗಿದುಹೋಗುವ ನೀರಿನ ಲೆಕ್ಕ. ಕುಡಿಯುವ ನೀರಿಗೆ ಎತ್ತಿದ್ದರಲ್ಲಿ ಶೇ 20 ಮಾತ್ರ ಖರ್ಚು, ಉಳಿದದ್ದು ಚರಂಡಿಯ ಮೂಲಕ ಮರಳುತ್ತದೆ ಎಂಬುದು ಕಾವೇರಿ ಜಲವಿವಾದ ನ್ಯಾಯಮಂಡಳಿ ಹಿಡಿದ ಸೂತ್ರ. ಅಂದರೆ ನದಿಯಿಂದ ಎತ್ತಬಹುದಾದದ್ದು ಆ ಲೆಕ್ಕದ ಐದು ಪಟ್ಟು. (ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ಕಾವೇರಿಗೆ ಮರಳುವುದಿಲ್ಲ. ಅದು ದಕ್ಷಿಣ ಪಿನಾಕಿನಿಯ ಕಡೆ ಹರಿಯುತ್ತದೆ, ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತದೆ. ಸೂತ್ರ ಒಂದು ಕಡೆ, ಇಳಿಜಾರು ಇನ್ನೊಂದು ಕಡೆ.)

ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯಲ್ಲಿ ಹಂತಹಂತವಾಗಿ ಪಂಪ್ ಆಗಿ ಮೇಲೇರಿ ಬರಬೇಕು. ನಡುವೆ ಎಲ್ಲಿ ವಿದ್ಯುತ್ ಹೋದರೂ, ಮುಖ್ಯ ಕೊಳವೆ ಒಡೆದರೂ ನಿಮ್ಮ ಸರದಿ ತಪ್ಪುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ಸಂಪು. ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ನಾಲ್ವರು ಎಂದರೆ 24 ಮನೆಗೆ ದಿನಕ್ಕೆ 13,000 ಲೀಟರ್. ಒಂದು ಸರದಿ ತಪ್ಪಿದರೂ ತಡೆಯಬೇಕಾದರೆ ನಾಲ್ಕು ದಿನದ ನೀರು, ಅಂದರೆ 52,000 ಲೀಟರ್ ಬೇಕು. 14 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಆಳದ ಸಂಪಿನಲ್ಲಿ 55,000 ಲೀಟರ್ ಹಿಡಿಸುತ್ತದೆ.

ಮೀಟರಿನ ಮೇಲೂ ಒಂದು ಕಣ್ಣಿಡಿ. ನೀರು ಬಿಟ್ಟ ಮೊದಲ ಕೆಲವು ನಿಮಿಷ ಪೈಪಿನಲ್ಲಿ ತುಂಬಿದ್ದ ಗಾಳಿ ಬುಸ್ಸೆಂದು ಹೊರಬರುತ್ತದೆ. ಆಗ ಮುಳ್ಳು ನೀರಿಲ್ಲದೆಯೂ ತಿರುಗುತ್ತದೆ, ಬಿಲ್ಲು ಏರುತ್ತದೆ. ಮೀಟರಿಗೆ ಮುಂಚೆ ಗಾಳಿ ಬಿಡುವ ವಾಲ್ವ್ ಹಾಕಿಸಲು ಜಲಮಂಡಳಿಗೆ ಅರ್ಜಿ ಕೊಡಿ. ಆ ಭಾಗಕ್ಕೆ ನೀವೇ ಕೈ ಹಾಕಬೇಡಿ. ಒತ್ತಡ ಕಡಿಮೆಯೆಂದು ಲೈನಿಗೇ ಮೋಟರ್ ಕಟ್ಟಿ ಎಳೆಯುವುದಂತೂ ಬೇಡವೇ ಬೇಡ. ಅದು ಅಕ್ರಮ, ಜೊತೆಗೆ, ಸೋರುವ ಕೀಲುಗಳಿಂದ ಪಕ್ಕದ ಚರಂಡಿ ನೀರನ್ನೂ ಒಳಗೆ ಎಳೆಯುತ್ತದೆ.

ಪ್ರಶ್ನೆ: ಕೊರೆಸಿದಾಗ ಬೋರ್‌ನಲ್ಲಿ 2 ಇಂಚು ನೀರಿತ್ತು, ಈಗ ಒಂದೂವರೆ ಇಂಚು ಎನ್ನುತ್ತಾರೆ. ಕಾಲು ಭಾಗ ತಾನೆ ಕಡಿಮೆಯಾಗಿದ್ದು?

ಅಲ್ಲ, ಅರ್ಧಕ್ಕಿಂತ ಹೆಚ್ಚು ಹೋಗಿದೆ. ರಿಗ್‌ನವರು ಹೇಳುವ ಇಂಚು ಪೈಪಿನ ಅಳತೆಯಲ್ಲ. ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂಬುದು ಅದು. ಎತ್ತರ ಏರಿದಂತೆ ಅಗಲವೂ ಹಿಗ್ಗುವುದರಿಂದ ಲೆಕ್ಕ ನೇರವಾಗಿ ನಡೆಯುವುದಿಲ್ಲ. 90 ಡಿಗ್ರಿ ತಗಡಿನಲ್ಲಿ 2 ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್, ಒಂದೂವರೆ ಇಂಚು ಎಂದರೆ 1,400. 4 ಇಂಚಾದರೆ 16,000 ದಾಟುತ್ತದೆ. ಇಂಚಿನ ಮಾತು ಬಿಟ್ಟು 200 ಲೀಟರ್ ಡ್ರಮ್ ಇಟ್ಟು ನೋಡಿ. ಮೋಟರ್ ಒಂದು ಗಂಟೆ ಓಡಿದ ಮೇಲೆ ಅದು ಎಷ್ಟು ಸೆಕೆಂಡಿಗೆ ತುಂಬುತ್ತದೆಂದು ತಿಂಗಳಿಗೊಮ್ಮೆ ಬರೆದಿಡಿ. ಚಾಲೂ ಮಾಡಿದ ತಕ್ಷಣ ಅಳೆದರೆ ಕೊಳವೆಯೊಳಗೆ ನಿಂತಿದ್ದ ನೀರೇ ಬಂದು ಮೋಸವಾಗುತ್ತದೆ.

ಮಳೆನೀರು ಇಂಗಿಸಲು 3 ಅಡಿ ವ್ಯಾಸ, 20 ಅಡಿ ಆಳದ ಇಂಗುಬಾವಿ ತೆಗೆಸಿ. ಒಂದರಲ್ಲಿ 4,000 ಲೀಟರ್ ನಿಲ್ಲುತ್ತದೆ. 4,000 ಚದರಡಿ ತಾರಸಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಹತ್ತಿರ ಹತ್ತಿರ 8,000 ಲೀಟರ್ ಇಳಿದು ಬರುತ್ತದೆ, ಹಾಗಾಗಿ ಎರಡು ಬಾವಿ ಬೇಕು. ಸಿಮೆಂಟ್ ರಿಂಗ್‌ಗಳ ಸಂದಿಗೆ ಗಾರೆ ಮೆತ್ತಬೇಡಿ, ತಳಕ್ಕೆ ಕಾಂಕ್ರೀಟ್ ಹಾಕಬೇಡಿ. ಎರಡೂ ಮಾಡಿದರೆ ಅದು ಇಂಗುಬಾವಿಯಲ್ಲ, ಸಂಪು. ಬಾವಿಗೆ ಮುಂಚೆ 2 ಅಡಿ ಚೌಕದ ಹೂಳುಗುಂಡಿ ಇರಲಿ. ತಾರಸಿ ಪೈಪನ್ನು ನೇರವಾಗಿ ಬೋರ್‌ವೆಲ್ ಕೇಸಿಂಗ್‌ಗೆ ಇಳಿಸುವವರಿದ್ದಾರೆ. ಎಲೆ, ಪಾರಿವಾಳದ ಹಿಕ್ಕೆ, ಧೂಳು ಎಲ್ಲ ಒಳಗೆ ಸೇರಿ ಬೋರ್ ಕೆಡುತ್ತದೆ, ಕೆಟ್ಟದ್ದನ್ನು ತೊಳೆಯುವುದು ಕಷ್ಟ.

ಪ್ರಶ್ನೆ: ನಮ್ಮ ಜಾಗದ ಕೆಳಗಿನ ನೀರು ನಮ್ಮದೇ ಅಲ್ಲವೇ?

ಎತ್ತಿ ಬಳಸುವ ಹಕ್ಕು ನಿಮ್ಮದು; 1882ರ ಈಸ್‌ಮೆಂಟ್ಸ್ ಕಾಯ್ದೆಯಿಂದಲೂ ಅದು ಜಮೀನಿನೊಂದಿಗೇ ಬರುತ್ತದೆ. ಆದರೆ ಪಕ್ಕದವರಿಗೂ ಅದೇ ಹಕ್ಕಿದೆ. ಅವರು ಇನ್ನೂ ಆಳಕ್ಕೆ ಕೊರೆದು ನಿಮ್ಮ ಬೋರ್ ಬತ್ತಿದರೆ ‘ನನ್ನ ಪಾಲಿನ ಇಷ್ಟು ಲೀಟರ್’ ಎಂದು ಕೇಳಲು ದಾಖಲೆ ಇರುವುದಿಲ್ಲ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶದಲ್ಲಿ (ಸರ್ಕಾರ ಗುರುತಿಸಿ ಪ್ರಕಟಿಸಿದ ಜಾಗ) ಹೊಸ ಬೋರ್‌ಗೆ ಅನುಮತಿ ಬೇಕು, ಹಳೆಯದನ್ನು ನೋಂದಾಯಿಸಬೇಕು. ನಿಮ್ಮದು ನೋಂದಣಿಯಾಗಿಲ್ಲದಿದ್ದರೆ ಮೊದಲು ಆ ಕೆಲಸ ಮುಗಿಸಿ. ಮುಂದೆ ಇದು ಬತ್ತಿ ಇನ್ನೊಂದು ಕೊರೆಸಲು ಅರ್ಜಿ ಹಾಕುವ ದಿನ, ನೋಂದಣಿ ಪತ್ರದ ಜೊತೆ ಆ ಡ್ರಮ್ ಲೆಕ್ಕದ ಪುಸ್ತಕವನ್ನೂ ಇಡಿ.