ಬಂಡೆ, ಗುಹೆಗಳಿಗೆ ಸುರಿದ ದುಡ್ಡು ದಂಡವೇ?

ಎತ್ತರ, ವೇಗ ಇದ್ದರೆ ಸಾಲದೇ, ರೋಲರ್ ಕೋಸ್ಟರ್ ಸುತ್ತ ಬಂಡೆ, ಗುಹೆ ಕಟ್ಟಲು ದುಡ್ಡು ಸುರಿಯುವುದು ದಂಡವಲ್ಲವೇ ಎಂದು ಕೇಳಿದ್ದೀರಿ. ಅಮೆರಿಕದ ಒಹಾಯೋದ ಸೀಡರ್ ಪಾಯಿಂಟ್ ಮನರಂಜನಾ ಪಾರ್ಕಿನಲ್ಲಿರುವ ಮಿಲೆನಿಯಮ್ ಫೋರ್ಸ್ ಎಂಬ ಕೋಸ್ಟರ್ ನಿಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ: ಸುಮಾರು 94 ಮೀಟರ್ ಎತ್ತರ, ಗಂಟೆಗೆ 150 ಕಿ.ಮೀ. ಆಸುಪಾಸಿನ ವೇಗ, ಪಕ್ಕದಲ್ಲಿ ಈರೀ ಸರೋವರ. ಅಲಂಕಾರ ಹೆಸರಿಗಷ್ಟೇ.

ಆದರೆ ಫ್ಲೋರಿಡಾದ ಡಿಸ್ನಿಯಲ್ಲಿ 1975ರಲ್ಲಿ ಆರಂಭವಾದ, ಕತ್ತಲು ತುಂಬಿದ ಕಟ್ಟಡದೊಳಗೆ ಓಡುವ ಸ್ಪೇಸ್ ಮೌಂಟನ್ ಕೋಸ್ಟರ್ ನೋಡಿ. ಅದರ ವೇಗ ಗಂಟೆಗೆ ಸುಮಾರು 45 ಕಿ.ಮೀ.; ನಮ್ಮ ಸ್ಕೂಟರ್ ಕೂಡ ಅದನ್ನು ಹಿಂದೆ ಹಾಕುತ್ತದೆ. ದೀಪ ಹಾಕಿದರೆ ಸಪ್ಪೆ. ಕತ್ತಲಲ್ಲಿ ಮುಂದಿನ ತಿರುವು ಕಾಣದೆ, ಬರೀ ನಕ್ಷತ್ರಗಳು ಸರಿಯುವಾಗ ಕೈ ತಾನಾಗಿಯೇ ಸರಳನ್ನು ಬಿಗಿಹಿಡಿಯುತ್ತದೆ.

ನನಗೆ ಹೆಚ್ಚು ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನ ನೆಮೆಸಿಸ್ ಕೋಸ್ಟರ್ (1994). ಮರಗಳ ತಲೆಗಿಂತ ಎತ್ತರಕ್ಕೆ ಕಟ್ಟುವಂತಿರಲಿಲ್ಲ. ಹಾಗಾಗಿ ಬಂಡೆ ಸಿಡಿಸಿ ಹಳ್ಳ ತೋಡಿದರು. ಹಳಿಯ ಕೆಳಗೆ ತೂಗುವ ಸೀಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಅದರೊಳಗೆ ನುಗ್ಗುವಾಗ ಪಾದ ಕಲ್ಲಿಗೆ ಬಡಿದೇ ಬಿಡುತ್ತದೆ ಅನ್ನಿಸಬೇಕು. ಬಟ್ಟಬಯಲಿನಲ್ಲಿ ಅದೇ ಹಳಿ ಹಾಕಿದ್ದರೆ ಆ ಭಯ ಎಲ್ಲಿಂದ ಬರಬೇಕು?

ಸರದಿ ಸಾಲಿನ ಪಕ್ಕದಲ್ಲಿ ನಿಲ್ಲಿಸುವ, ಬಣ್ಣ ಹೋದ ಪ್ಲಾಸ್ಟಿಕ್ ಡೈನೋಸಾರ್‌ಗಳ ಮಾತು ಬೇರೆ. ಅವುಗಳ ಮೇಲಿನ ನಿಮ್ಮ ಸಿಟ್ಟಿಗೆ ನನ್ನದನ್ನೂ ಸೇರಿಸಿಕೊಳ್ಳಿ.