‘ಮಾ’ ಎಂಬ ಒಂದಕ್ಷರದ ವಂಶಾವಳಿ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ದೀರ್ಘ ಪತ್ರ ತಲುಪಿತು. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳ ಸಾಲದು. ಆದ್ದರಿಂದ ಇತರ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ತಾಯಿಗೆ ಕನ್ನಡದಲ್ಲಿ ‘ಅಮ್ಮ’, ಸಂಸ್ಕೃತದಲ್ಲಿ ‘ಮಾತೃ’, ಲ್ಯಾಟಿನ್ನಿನಲ್ಲಿ ‘ಮಾತೆರ್’, ಅರಬ್ಬಿಯಲ್ಲಿ ‘ಉಮ್ಮ್’, ಚೀನೀ ಭಾಷೆಯಲ್ಲಿ ‘ಮಾಮಾ’, ಸ್ವಾಹಿಲಿಯಲ್ಲಿ ‘ಮಾಮ’, ಬಾಸ್ಕ್ ಭಾಷೆಯಲ್ಲಿ ‘ಅಮ’ ಎಂದು ನೀವು ಪಟ್ಟಿ ಮಾಡಿದ್ದೀರಿ. ಇಷ್ಟು ದೂರದೂರದ ಜನ ಒಂದೇ ಅಕ್ಷರವನ್ನು ಹಿಡಿದಿರುವುದು ಆಕಸ್ಮಿಕವಾಗಿರಲಾರದು, ‘ಅಳೆ, ನಿರ್ಮಿಸು’ ಎಂಬರ್ಥದ ‘ಮಾ’ ಧಾತುವೇ ಇವಕ್ಕೆಲ್ಲ ಮೂಲ, ಹಾಗಾಗಿ ಲೋಕದ ನುಡಿಗಳಿಗೆಲ್ಲ ತಾಯಿಬೇರು ನಮ್ಮ ನಾಡಿನದೇ ಎಂದು ಪತ್ರಿಕೆಗಳು ಧೈರ್ಯವಾಗಿ ಬರೆಯಬೇಕು ಎಂಬುದು ನಿಮ್ಮ ಒತ್ತಾಯ. ಕೊನೆಗೆ, ಕನ್ನಡದ ‘ಅಮ್ಮ’ ಸಂಸ್ಕೃತದ ‘ಅಂಬಾ’ದಿಂದ ಬಂದದ್ದೇ ಎಂದೂ ಕೇಳಿದ್ದೀರಿ.

ನೀವು ಗಮನಿಸಿದ ಸಾಮ್ಯ ನಿಜವಾದದ್ದು. ಇದು ಬರಿಯ ಆಕಸ್ಮಿಕವಲ್ಲವೆಂಬ ನಿಮ್ಮ ಅನಿಸಿಕೆಯೂ ಸರಿಯೇ. ಆದರೆ ಆ ಸಾಮ್ಯದಿಂದ ನೀವು ಹಾರಿದ ತೀರ್ಮಾನವನ್ನು ನಾನು ಒಪ್ಪಲಾರೆ. ಪದಗಳ ರಕ್ತಸಂಬಂಧವನ್ನು ನಿರ್ಣಯಿಸಲು ‘ಮಾ’ದಂತಹ ಗಿಡ್ಡ ಪದಕ್ಕಿಂತ ದುರ್ಬಲ ಸಾಕ್ಷಿ ಇನ್ನೊಂದಿಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಕೆಲವು ನುಡಿಗಳನ್ನು ನೋಡಿ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮ’ ಎಂದರೆ ತಂದೆ. ತಾಯಿಗೆ ಅಲ್ಲಿ ‘ದೆದ’ ಎನ್ನುತ್ತಾರೆ. ಆಸ್ಟ್ರೇಲಿಯದ ಪಶ್ಚಿಮ ಮರುಭೂಮಿಯ ಮೂಲನಿವಾಸಿಗಳ ನುಡಿಗಳಲ್ಲಿಯೂ ‘ಮಾಮ’ ಎಂದರೆ ತಂದೆಯೇ. ಐಸ್‌ಲ್ಯಾಂಡಿನಲ್ಲಿ ‘ಅಮ್ಮ’ ಎಂದರೆ ಅಜ್ಜಿ, ಜರ್ಮನ್ನಿನ ‘ಅಮ್ಮೆ’ ಎಂದರೆ ಹಾಲೂಡುವ ದಾದಿ. ಅಷ್ಟು ದೂರವಾದರೂ ಏಕೆ ಹೋಗಬೇಕು? ಕನ್ನಡದ ಒಡಹುಟ್ಟಾದ ತುಳುವಿನಲ್ಲಿ ತಾಯಿಗೆ ‘ಅಪ್ಪೆ’, ತಂದೆಗೆ ‘ಅಮ್ಮೆ’. ನಮ್ಮ ಹಳಗನ್ನಡದಲ್ಲಿಯೇ ‘ಅಮ್ಮ’ ಶಬ್ದಕ್ಕೆ ತಂದೆ ಎಂಬ ಅರ್ಥವಿತ್ತು; ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ‘ಅಮ್ಮನ ಗಂಧವಾರಣ’ ಎಂದು ಹೊಗಳುವಾಗ ತಂದೆಯ ಮದ್ದಾನೆ ಎಂದೇ ಹೇಳುತ್ತಿದ್ದಾನೆ. ಹಳಗನ್ನಡದ ‘ಅಬ್ಬೆ’ ತಾಯಿಯಾದರೆ ಅರಮಾಯಿಕ್ ಭಾಷೆಯ ‘ಅಬ್ಬಾ’ ತಂದೆ. ನಾವು ‘ಮಾಮ’ ಎಂದು ಸೋದರಮಾವನನ್ನು ಕರೆಯುತ್ತೇವೆ, ರುಮೇನಿಯದವರು ತಾಯಿಯನ್ನು. ಒಂದೇ ಮೂಲಭಾಷೆಯಿಂದ ಒಂದೇ ಅರ್ಥ ಹೊತ್ತು ಹೊರಟ ಪದ ಇಷ್ಟೊಂದು ನೆಂಟಸ್ತಿಕೆಗಳಿಗೆ ಹೇಗೆ ಚದುರಿತೆಂದು ನಿಮ್ಮ ವಾದ ವಿವರಿಸಬೇಕಾಗುತ್ತದೆ.

ಈ ಸಾಮ್ಯಕ್ಕೆ ಇದಕ್ಕಿಂತ ಸರಳವಾದ ವಿವರಣೆ ಇದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ವಂಶಾವಳಿಯ ಕಥೆಗಿಂತ ಸುಂದರವಾದದ್ದು. ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ ಜಗತ್ತಿನ ನಾನಾ ಭಾಷೆಗಳಿಂದ ತಾಯಿತಂದೆಯರನ್ನು ಸೂಚಿಸುವ 1,072 ಪದಗಳನ್ನು ಕಲೆಹಾಕಿದ್ದರು. ತಾಯಿಯನ್ನು ಹೇಳುವ ಪದಗಳಲ್ಲಿ ಶೇಕಡಾ 55ರಲ್ಲಿ ಮ, ನ ಮುಂತಾದ ಅನುನಾಸಿಕಗಳಿದ್ದವು. ತಂದೆಯನ್ನು ಹೇಳುವ ಪದಗಳಲ್ಲಿ ಅವು ಶೇಕಡಾ 15ರಷ್ಟು ಮಾತ್ರ. ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ ಈ ಅಂಕಿಗಳನ್ನು ಮುಂದಿಟ್ಟುಕೊಂಡು ಹಾಲುಣ್ಣುವ ಕೂಸಿನ ಬಾಯಿಯತ್ತ ನೋಡಿದರು. ಮೊಲೆಗೆ ಬಾಯಿಟ್ಟ ಮಗುವಿಗೆ ತುಟಿ ತೆರೆಯಲಾಗದು. ಆಗ ಅದು ಹೊರಡಿಸಬಲ್ಲ ದನಿ ಮೂಗಿನಿಂದ ಬರುವ ‘ಮ್‌ಮ್’ ಒಂದೇ. ಮುಂದೆ ಹಸಿವಾದಾಗ, ಹಾಲು ಕಂಡಾಗ, ತಾಯಿ ಬೇಕೆನಿಸಿದಾಗ ಅದೇ ದನಿ ಮರುಕಳಿಸುತ್ತದೆ; ತುಟಿ ಬಿಟ್ಟ ಕೂಡಲೇ ಅದಕ್ಕೆ ‘ಆ’ಕಾರ ಸೇರುತ್ತದೆ. ಕೇಳಿದ ತಾಯಿ ತನ್ನನ್ನೇ ಕರೆಯಿತೆಂದುಕೊಳ್ಳುತ್ತಾಳೆ, ಕೂಸಿನ ತೊದಲನ್ನು ತನ್ನ ಹೆಸರಾಗಿ ಒಪ್ಪಿಕೊಂಡು ಅದನ್ನೇ ಮಗುವಿಗೆ ಕಲಿಸುತ್ತಾಳೆ. ಕನ್ನಡದ ಮಗುವಿಗೆ ಅನ್ನ ‘ಮಮ್ಮು’, ಜಪಾನಿನ ಮಗುವಿಗೆ ಊಟ ‘ಮಮ್ಮ’, ಲ್ಯಾಟಿನ್ನಿನಲ್ಲಿ ‘ಮಮ್ಮ’ ಎಂದರೆ ಮೊಲೆ. ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಮೊಲೆಯುಣಿಸುವ ಪ್ರಾಣಿಗಳ ಇಡೀ ವರ್ಗಕ್ಕೆ ಆ ಲ್ಯಾಟಿನ್ ಪದದಿಂದಲೇ ‘ಮಮ್ಮಾಲಿಯ’ ಎಂದು ಹೆಸರಿಟ್ಟ. ಹೀಗಾಗಿ ಈ ಪದ ಯಾವ ದೇಶದಿಂದಲೂ ಯಾವ ದೇಶಕ್ಕೂ ಪ್ರಯಾಣ ಮಾಡಬೇಕಾದ ಅಗತ್ಯವೇ ಇಲ್ಲ. ತೊಟ್ಟಿಲು ಇರುವಲ್ಲೆಲ್ಲ ಅದು ಹೊಸದಾಗಿ ಹುಟ್ಟುತ್ತಿರುತ್ತದೆ.

ಇನ್ನು ನಿಮ್ಮ ಧಾತುವಿನ ವಿಚಾರ. ಅಳೆಯುವವಳು, ನಿರ್ಮಿಸುವವಳು ಆದ್ದರಿಂದ ಮಾತೆ ಎಂಬ ವ್ಯುತ್ಪತ್ತಿ ಕೇಳಲು ಹಿತವಾಗಿದೆ, ಹಳೆಯದೂ ಹೌದು. ಆದರೆ ಇಂತಹ ವ್ಯುತ್ಪತ್ತಿಗಳನ್ನು ಪ್ರಶ್ನಿಸುವ ಪರಂಪರೆಯೂ ನಮ್ಮಲ್ಲಿ ಅಷ್ಟೇ ಹಳೆಯದು ಎಂಬುದನ್ನು ನೀವು ಮರೆತಿದ್ದೀರಿ. ನಾಮಪದಗಳೆಲ್ಲ ಧಾತುಗಳಿಂದಲೇ ಹುಟ್ಟಿದವೆಂದು ಪ್ರಾಚೀನ ವೈಯಾಕರಣ ಶಾಕಟಾಯನ ಹೇಳಿದರೆ, ಎಲ್ಲವೂ ಹಾಗಲ್ಲವೆಂದು ಗಾರ್ಗ್ಯ ವಾದಿಸಿದ. ವೇದದ ಪದಗಳ ವ್ಯುತ್ಪತ್ತಿ ಹೇಳುವ ‘ನಿರುಕ್ತ’ವನ್ನು ಬರೆದ ಯಾಸ್ಕ ತಾನು ಶಾಕಟಾಯನನ ಪಕ್ಷದವನಾಗಿದ್ದೂ ಆ ಆಕ್ಷೇಪವನ್ನು ಮುಚ್ಚಿಡದೆ ದಾಖಲಿಸಿದ್ದಾನೆ: ದಾರಿಯನ್ನು ವ್ಯಾಪಿಸುವುದರಿಂದ ಕುದುರೆಗೆ ‘ಅಶ್ವ’ವೆಂಬ ಹೆಸರಾದರೆ, ದಾರಿಯನ್ನು ವ್ಯಾಪಿಸುವ ಪ್ರತಿಯೊಂದನ್ನೂ ಅಶ್ವವೆನ್ನಬೇಕಾಗುತ್ತದಲ್ಲ ಎಂದು. ಈ ಪ್ರಶ್ನೆಯ ಚೂಪು ಇಂದಿಗೂ ಮೊಂಡಾಗಿಲ್ಲ. ವ್ಯಾಕರಣವೂ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಮಾಡುವವನನ್ನು ಸೂಚಿಸುವ ‘ಕರ್ತೃ’, ಕೊಡುವವನನ್ನು ಸೂಚಿಸುವ ‘ದಾತೃ’ ಶಬ್ದಗಳು ದ್ವಿತೀಯಾ ವಿಭಕ್ತಿಯಲ್ಲಿ ‘ಕರ್ತಾರಮ್’, ‘ದಾತಾರಮ್’ ಎಂದು ದೀರ್ಘವಾಗುತ್ತವೆ. ಆದರೆ ಪಿತೃ, ಮಾತೃ, ಭ್ರಾತೃ, ದುಹಿತೃಗಳು ‘ಪಿತರಮ್’, ‘ಮಾತರಮ್’, ‘ಭ್ರಾತರಮ್’, ‘ದುಹಿತರಮ್’ ಎಂದು ಹ್ರಸ್ವವಾಗಿಯೇ ಉಳಿಯುತ್ತವೆ. ಅಳೆಯುವವನೆಂಬ ಅರ್ಥದ ‘ಮಾತೃ’ವಾದರೆ ‘ಮಾತಾರಮ್’ ಆಗಬೇಕು. ದಿನವೂ ನಮ್ಮ ಬಾಯಲ್ಲಿರುವ ‘ವಂದೇ ಮಾತರಂ’ನ ಆ ಒಂದು ಹ್ರಸ್ವಾಕ್ಷರ ಇಷ್ಟನ್ನು ಹೇಳುತ್ತಿದೆ.

ಸಂಸ್ಕೃತವೊಂದರಲ್ಲಿಯೇ ‘ಮಾ’ ಒಂದಲ್ಲ. ಮಾಸ, ಮಾನ, ಮಾತ್ರೆಗಳಲ್ಲಿರುವುದು ಅಳತೆಯ ‘ಮಾ’; ತಿಂಗಳೆಂಬ ಅರ್ಥದ ಲ್ಯಾಟಿನ್ ‘ಮೆನ್ಸಿಸ್’ ಅದಕ್ಕೆ ಬಂಧು. ‘ಮಾ ನಿಷಾದ’ ಎಂಬಲ್ಲಿ ಇರುವುದು ಬೇಡವೆನ್ನುವ ‘ಮಾ’. ಅದೇ ಅರ್ಥದ ಗ್ರೀಕ್ ‘ಮೇ’ ಅದರ ಬಂಧು. ಬಾಣ ಬಿಟ್ಟ ಬೇಡನಿಗೆ ಶಾಪ ಕೊಡುವ ಆ ‘ಮಾ’ವನ್ನು ತಾಯಿಯೊಡನೆ ಜೋಡಿಸಲು ನೀವೂ ಒಪ್ಪಲಾರಿರಿ. ಚೀನೀ ಭಾಷೆಯಲ್ಲಂತೂ ಸ್ವರದ ಏರಿಳಿತ ಬದಲಾದರೆ ‘ಮಾ’ ತಾಯಿಯಾಗುತ್ತದೆ, ಸೆಣಬಿನ ಜಾತಿಯ ಗಿಡವಾಗುತ್ತದೆ, ಕುದುರೆಯಾಗುತ್ತದೆ, ಬೈಗುಳವಾಗುತ್ತದೆ. ವಾಕ್ಯದ ಕೊನೆಗೆ ಬಂದರೆ ಪ್ರಶ್ನೆಯಾಗುತ್ತದೆ. ತಾಯಿಗೆ ಅವರು ಬರೆಯುವ ಲಿಪಿಚಿಹ್ನೆಯ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ ಇದೆ. ಅಲ್ಲಿ ಹೆಣ್ಣು ಅರ್ಥಕ್ಕಾಗಿ, ಕುದುರೆ ಕೇವಲ ಉಚ್ಚಾರಣೆಯ ಸೂಚನೆಗಾಗಿ. ಲೆಕ್ಕ ಹಾಕಿ ನೋಡಿ: ಒಂದು ಭಾಷೆಯಲ್ಲಿ 20 ವ್ಯಂಜನ, 5 ಸ್ವರಗಳಿದ್ದರೆ ಇಂತಹ ಒಂದಕ್ಷರದ ಪದಗಳಿಗೆ ಸಿಗುವ ರೂಪಗಳು 100 ಮಾತ್ರ. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಡಿಕ್ಕಿ ಹೊಡೆಯದೆ ಅವು ಬದುಕುವುದಾದರೂ ಹೇಗೆ?

ಹಾಗಾದರೆ ಬಂಧುತ್ವವನ್ನು ಗುರುತಿಸುವುದು ಯಾವುದರಿಂದ? ಒಂದೇ ವ್ಯತ್ಯಾಸ ಪದದಿಂದ ಪದಕ್ಕೆ ತಪ್ಪದೆ ಮರಳಿ ಬರುವುದರಿಂದ. ಹಳಗನ್ನಡದ ಪಾಲು, ಪಾವು, ಪತ್ತು ನಮ್ಮ ಬಾಯಲ್ಲಿ ಹಾಲು, ಹಾವು, ಹತ್ತು ಆದವು. ತಮಿಳಿನಲ್ಲಿ ಅವು ಇಂದಿಗೂ ಪಾಲ್, ಪಾಂಬು, ಪತ್ತು. ನಮ್ಮ ಬಾ, ಬೇರುಗಳಿಗೆ ಅಲ್ಲಿ ವಾ, ವೇರ್. ನಮ್ಮ ಕಿವಿಗೆ ಅಲ್ಲಿ ಚೆವಿ. ಈ ಪಟ್ಟಿಯನ್ನು ಎಷ್ಟು ಬೆಳೆಸಿದರೂ ನಿಯಮ ಕೈಕೊಡುವುದಿಲ್ಲ. ಮಾತೃ, ಮಾತೆರ್, ಮದರ್‌ಗಳು ಬಂಧುಗಳೆಂಬುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ, ಆದರೆ ಅವುಗಳ ‘ಮಾ’ಕಾರವನ್ನು ನೋಡಿ ಅಲ್ಲ. ‘ಮಾ’ದ ಬೆನ್ನಿಗಿರುವ ಬಂಧುವಾಚಕ ಪ್ರತ್ಯಯ, ಅದೇ ಪ್ರತ್ಯಯ ಹೊತ್ತ ಪಿತೃ, ಪಾತೆರ್, ಫಾದರ್‌ಗಳು, ಅವುಗಳ ಹಿಂದಿರುವ ವಿಭಕ್ತಿಗಳ ಸಾಲು, ಇವು ಸಾಕ್ಷಿ. ಸರ್ ವಿಲಿಯಂ ಜೋನ್ಸ್ 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸಂಬಂಧವನ್ನು ಸಾರಿದಾಗಲೂ ಕ್ರಿಯಾಧಾತುಗಳನ್ನೂ ವ್ಯಾಕರಣದ ರೂಪಗಳನ್ನೂ ಆಧಾರವಾಗಿ ಹಿಡಿದನೇ ಹೊರತು ಕಿವಿಗೆ ಹೊಂದಿದ ಬಿಡಿಪದಗಳನ್ನಲ್ಲ. ಇದೇ ವಂಶದ ಅಲ್ಬೇನಿಯನ್ ಭಾಷೆಯಲ್ಲಿ ಆ ಮಾತೃಶಬ್ದವೇ ‘ಮೊತರ್’ ಆಗಿ ಉಳಿದಿದೆ, ಆದರೆ ಅದರ ಅರ್ಥ ಅಕ್ಕತಂಗಿ.

ಇದಕ್ಕಿಂತ ಕಣ್ಣು ತೆರೆಸುವ ಉದಾಹರಣೆ ಅರ್ಮೇನಿಯನ್ ಭಾಷೆಯಲ್ಲಿದೆ. ಅಲ್ಲಿ ಎರಡಕ್ಕೆ ‘ಎರ್ಕು’ ಎನ್ನುತ್ತಾರೆ. ಪಟ್ಟಿ ಮಾಡುವವರ ಕೈಗೆ ಇದು ಸಿಕ್ಕರೆ ಕನ್ನಡದ ‘ಎರಡು’ ಅರ್ಮೇನಿಯಕ್ಕೆ ಹೋಗಿತ್ತೆಂದು ಅಂದೇ ಘೋಷಿಸಿಬಿಡುತ್ತಾರೆ. ಆದರೆ ‘ಎರ್ಕು’ವಿಗೆ ರಕ್ತಸಂಬಂಧಿ ಸಂಸ್ಕೃತದ ‘ದ್ವಿ’ ಮತ್ತು ಲ್ಯಾಟಿನ್ನಿನ ‘ದುಓ’. ಮೂಲದ ‘ದ್ವ’ ಅಲ್ಲಿ ‘ಎರ್ಕ್’ ಆಗುವುದು ಬೇರೆ ಪದಗಳಲ್ಲಿಯೂ ಕಾಣುವ ನಿಯಮ. ಕಿವಿಗೆ ಹತ್ತಿರವಾದದ್ದು ಇಲ್ಲಿ ಅನ್ಯ, ಒಂದಿಷ್ಟೂ ಹೋಲದ್ದು ಒಡಹುಟ್ಟು. ಆಸ್ಟ್ರೇಲಿಯದ ಅಂಬಾಬರಂ ಎಂಬ ನುಡಿಯಲ್ಲಿ ನಾಯಿಗೆ ‘ಡಾಗ್’ ಎಂದೇ ಹೆಸರಿತ್ತು. ಅದು ಇಂಗ್ಲಿಷಿನಿಂದ ಹೋದದ್ದಲ್ಲ. ‘ಗುಡಗ’ ಎಂಬ ಹಳೆಯ ರೂಪ ಅಲ್ಲಿಯ ಧ್ವನಿನಿಯಮಗಳಂತೆ ಸವೆದು ಹಾಗಾಯಿತು. 1905ರಲ್ಲಿ ಹೋಮರ್ ಹಲ್ಬರ್ಟ್ ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ವ್ಯಾಕರಣವನ್ನೇ ಬರೆದ. ಆ ಸಂಬಂಧವನ್ನು ಇಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೂ ಕೊರಿಯದ ‘ಅಪ್ಪಾ’, ‘ಒಮ್ಮಾ’ಗಳನ್ನು ಕೇಳಿ ರೋಮಾಂಚನಗೊಂಡು ನಮಗೆ ಬರೆಯುವವರ ಸಂಖ್ಯೆ ಕಡಿಮೆಯಾಗಿಲ್ಲ.

ಧ್ವನಿಯನ್ನು ಶ್ರದ್ಧೆಯಿಂದ ಹಿಂಬಾಲಿಸಿದವರಿಗೆ ಸಿಗುವ ಸಂತೋಷ ಎಂಥದೆಂದು ತೋರಿಸಲು ಒಂದು ಒಗಟನ್ನು ಹೇಳುತ್ತೇನೆ. 16ನೆಯ ಶತಮಾನದ ಜಪಾನೀ ಒಗಟು ಅದು: ‘ತಾಯಿಯನ್ನು ಎರಡು ಬಾರಿ ಕೂಡುತ್ತದೆ, ತಂದೆಯನ್ನು ಒಮ್ಮೆಯೂ ಕೂಡುವುದಿಲ್ಲ, ಏನದು?’ ಉತ್ತರ, ತುಟಿ. ಇಂದಿನ ಜಪಾನೀ ಭಾಷೆಯಲ್ಲಿ ತಾಯಿ ‘ಹಹ’, ತಂದೆ ‘ಚಿಚಿ’. ‘ಹಹ’ ಎನ್ನುವಾಗ ತುಟಿಗಳು ಸೇರುವುದೇ ಇಲ್ಲವಲ್ಲ! ಆದರೆ ಒಗಟು ಕಟ್ಟಿದ ಕಾಲಕ್ಕೆ ಆ ಪದ ‘ಫಫ’ಕ್ಕೆ ಹತ್ತಿರವಿತ್ತು, ಅದಕ್ಕೂ ಹಿಂದೆ ‘ಪಪ’ ಆಗಿತ್ತು. ಪಕಾರ ಹಕಾರವಾದ ಕಥೆಯನ್ನು ಹಾಲು, ಹಾವುಗಳ ಮೂಲಕ ಬಲ್ಲ ಕನ್ನಡಿಗರಿಗೆ ಇದು ಅರ್ಥವಾಗುವಷ್ಟು ಸುಲಭವಾಗಿ ಇನ್ಯಾರಿಗೆ ಅರ್ಥವಾದೀತು? ಹಾಗೆಂದು ಕನ್ನಡವೂ ಜಪಾನಿಯೂ ನೆಂಟರಲ್ಲ. ಒಂದೇ ಬಗೆಯ ಬಾಯಿ, ಒಂದೇ ಬಗೆಯ ಸೋಮಾರಿತನ, ಎರಡು ಕಡೆ ಬೇರೆಬೇರೆಯಾಗಿ ನಡೆದ ಒಂದೇ ಬದಲಾವಣೆ.

ನಿಮ್ಮನ್ನು ಸ್ವಲ್ಪ ಗದರುವ ಸಲುಗೆಯನ್ನು ಈಗ ತೆಗೆದುಕೊಳ್ಳುತ್ತೇನೆ. ನೀವು ಪದಗಳನ್ನು ಪ್ರೀತಿಸುವವರು, ಪತ್ರದ ಪ್ರತಿ ಸಾಲಿನಲ್ಲಿಯೂ ಅದು ಕಾಣುತ್ತದೆ. ಇಷ್ಟು ಶ್ರಮವಹಿಸಿ ಹತ್ತಾರು ಭಾಷೆಗಳಿಂದ ಪದ ಹೆಕ್ಕಿದ ನೀವು, ಒಪ್ಪುವ ಪದಗಳನ್ನಷ್ಟೇ ಇಟ್ಟುಕೊಂಡು ಒಪ್ಪದವನ್ನು ಏಕೆ ಬಿಟ್ಟಿರಿ? ತುಳು ನಿಮ್ಮ ಪಟ್ಟಿಯಲ್ಲಿ ಏಕಿಲ್ಲ? ಇದು ನಿಮ್ಮೊಬ್ಬರ ದೋಷವಲ್ಲ. ನಮ್ಮ ಕಚೇರಿಗೆ ಬರುವ ಇಂತಹ ಪತ್ರಗಳಲ್ಲಿ ಒಬ್ಬರಿಗೆ ಎಲ್ಲ ಭಾಷೆಗಳೂ ಸಂಸ್ಕೃತದ ಮಕ್ಕಳು, ಇನ್ನೊಬ್ಬರಿಗೆ ತಮಿಳಿನ ಮಕ್ಕಳು, ಮತ್ತೊಬ್ಬರಿಗೆ ಕನ್ನಡದ ಮಕ್ಕಳು. ಮೂವರೂ ಹಿಡಿಯುವುದು ಇದೇ ‘ಮಾ’, ಇದೇ ‘ಅಪ್ಪ’. ಪ್ಯಾರಿಸ್ಸಿನ ಭಾಷಾಶಾಸ್ತ್ರ ಸಂಘ 1866ರಲ್ಲಿ ಭಾಷೆಯ ಮೂಲವನ್ನು ಕುರಿತ ಪ್ರಬಂಧಗಳನ್ನು ಸ್ವೀಕರಿಸುವುದಿಲ್ಲವೆಂದು ತನ್ನ ನಿಯಮಾವಳಿಯಲ್ಲಿಯೇ ಬರೆದುಕೊಂಡಿತ್ತು. ಅಂತಹ ನಿಷೇಧ ನನಗೆ ಇಷ್ಟವಿಲ್ಲ, ಆದರೆ ಅದನ್ನು ಬರೆದವರ ಆಯಾಸ ನನಗೆ ಅರ್ಥವಾಗುತ್ತದೆ. ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು. 1894ರಲ್ಲಿ ಕಿಟೆಲ್ ಕೊಟ್ಟ ನಿಘಂಟು ನಮ್ಮಲ್ಲಿದೆ. ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿಕೋಶವಿದೆ. ತಾಯಿನುಡಿಯ ಹಿರಿಮೆಗಾಗಿ ಗಂಟಲು ಹರಿದುಕೊಳ್ಳುವವರಲ್ಲಿ ಎಷ್ಟು ಮಂದಿ ಇವುಗಳ ಪುಟ ತೆರೆದಿದ್ದಾರೆ? ತನ್ನ ಭಾಷೆ ಜಗತ್ತಿನ ತಾಯಿ ಎನ್ನಲು ಒಂದು ನಿಮಿಷ ಸಾಕು. ಅದರ ಒಂದು ಪದದ ನಿಜವಾದ ಚರಿತ್ರೆ ತಿಳಿಯಲು ಕೋಶಗಳ ಮುಂದೆ ದಿನಗಟ್ಟಲೆ ಕೂರಬೇಕು. ಕೂರುವವರು ಕಡಿಮೆಯಾಗುತ್ತಿದ್ದಾರೆ, ಕೂಗುವವರಿಗೆ ಕೊರತೆಯಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ಉಳಿದಿದೆ. ‘ಅಂಬಾ’ದ ‘ಂಬ’ ‘ಮ್ಮ’ ಆಗುವುದು ಧ್ವನಿಯ ದೃಷ್ಟಿಯಿಂದ ಅಸಾಧ್ಯವಲ್ಲ. ಆದರೆ ‘ಅಮ್ಮ’ ತಮಿಳು, ಮಲಯಾಳ, ತೆಲುಗು, ಕನ್ನಡಗಳಲ್ಲೆಲ್ಲ ಬೇರೂರಿದೆ, ತುಳುವಿನಲ್ಲಿ ಮತ್ತು ಹಳಗನ್ನಡದಲ್ಲಿ ಅದಕ್ಕೆ ತಂದೆಯ ಅರ್ಥವೂ ಇದೆ. ಸಂಸ್ಕೃತದ ಸಾಲವಾಗಿದ್ದರೆ ಈ ಅರ್ಥ ಎಲ್ಲಿಂದ ಬಂತು? ‘ಅಂಬಾ’ ಶಬ್ದವಾದರೋ ಸಂಸ್ಕೃತದಲ್ಲಿಯೇ ‘ಮಾತೃ’ವಿನಂತೆ ಪ್ರತ್ಯಯ ಹೊತ್ತ ಕುಲೀನ ಪದವಲ್ಲ. ಪಾಣಿನಿ ‘ಅಂಬಾರ್ಥನದ್ಯೋರ್ಹ್ರಸ್ವಃ’ ಎಂಬ ಸೂತ್ರದಲ್ಲಿ ತಾಯಿಯೆಂಬ ಅರ್ಥದ ಪದಗಳ ಸಂಬೋಧನೆಗೆ ಪ್ರತ್ಯೇಕ ವಿಧಿ ಮಾಡಿದ್ದಾನೆ. ವ್ಯಾಖ್ಯಾನಕಾರರು ಅದಕ್ಕೆ ಕೊಡುವ ಉದಾಹರಣೆಗಳು ‘ಹೇ ಅಂಬ’, ‘ಹೇ ಅಕ್ಕ’, ‘ಹೇ ಅಲ್ಲ’. ನಮ್ಮ ಅಕ್ಕ ಅಲ್ಲಿ ತಾಯಿಯ ಹೆಸರು! ಈ ಮೂರೂ ಮಗುವಿನ ಬಾಯಿಗೆ ಒದಗುವ ಪದಗಳು. ಇವುಗಳಲ್ಲಿ ಯಾವುದು ಯಾರಿಂದ ಯಾರಿಗೆ ಹೋಯಿತೆಂದು ಧ್ವನಿಯ ಬಲದಿಂದ ತೀರ್ಮಾನಿಸಲಾಗದು. ‘ಅಮ್ಮ’ವನ್ನು ಸಂಸ್ಕೃತದಿಂದ ತಂದ ಪದವೆನ್ನಲು ನನಗೆ ಆಧಾರ ಕಾಣುವುದಿಲ್ಲ, ‘ಅಂಬಾ’ವನ್ನು ನಮ್ಮಿಂದ ಒಯ್ದರೆನ್ನಲೂ ಅಷ್ಟೇ.

ನಿಮ್ಮ ಪಟ್ಟಿಯನ್ನು ಹಿಂದಿರುಗಿಸುತ್ತಿದ್ದೇನೆ. ತಂದೆ, ಅಜ್ಜಿ, ಅತ್ತೆ, ಮಾವ, ದಾದಿ ಎಂಬ ಅರ್ಥಗಳಲ್ಲಿ ಇದೇ ದನಿ ಬರುವ ಭಾಷೆಗಳನ್ನೂ, ತಾಯಿಯ ಪದದಲ್ಲಿ ಮಕಾರವೇ ಇಲ್ಲದ ಭಾಷೆಗಳನ್ನೂ ಸೇರಿಸಿ ಮತ್ತೆ ಕಳುಹಿಸಿ. ಅದನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ.

— ಸಂಪಾದಕ